ದೇವರ ವಾಗ್ದಾನ ಮತ್ತು ಇಸ್ರಾಯೇಲ್: ಒಂದು ವ್ಯಾಖ್ಯಾನದ ಇತಿಹಾಸ

ದೇವರು ತಾನು ಆರಿಸಿಕೊಂಡ ಜನರನ್ನು ಕೈಬಿಟ್ಟನೆ? ಕ್ರೈಸ್ತ ಚಿಂತನೆಯ ಆರಂಭದಲ್ಲಿಯೇ ಎದ್ದ ಪ್ರಶ್ನೆಯಿದು. ಕ್ರಿ.ಶ. 57ರ ಸುಮಾರಿನಲ್ಲಿ ರೋಮಿನ ಸಭೆಗೆ ಬರೆದ ಪತ್ರಿಕೆಯ 9ರಿಂದ 11ನೆಯ ಅಧ್ಯಾಯಗಳಲ್ಲಿ, ಸ್ವತಃ ಯೆಹೂದ್ಯನಾಗಿದ್ದ ಪೌಲನು ಇದಕ್ಕೆ ಇಲ್ಲವೆಂದೇ ಉತ್ತರಿಸುತ್ತಾನೆ. ಅನ್ಯಜನರು ಎಣ್ಣೆಯ ಮರಕ್ಕೆ ಕಸಿಮಾಡಿದ ಕಾಡುಕೊಂಬೆಗಳು. ಅವರನ್ನು ಹೊತ್ತಿರುವ ಬೇರು ಇಸ್ರಾಯೇಲಿನ ಪಿತೃಗಳದು. ಆ ಹಳೆಯ ವಾಗ್ದಾನವೇ ಮುರಿಯುವುದಾದರೆ ಸಭೆಯು ತನಗಿತ್ತ ವಾಗ್ದಾನವನ್ನು ನಂಬುವುದೆಂತು?

70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ನಾಶಗೊಳಿಸಿದ ತರುವಾಯ ವ್ಯಾಖ್ಯಾನದ ದಿಕ್ಕು ಬದಲಾಯಿತು. ಹಳೆಯ ಒಡಂಬಡಿಕೆಯನ್ನೇ ತಿರಸ್ಕರಿಸಿದ ಮಾರ್ಸಿಯನನನ್ನು 144ರ ಸುಮಾರಿನಲ್ಲಿ ರೋಮಿನ ಸಭೆಯು ಹೊರಹಾಕಿತು. ಆದರೆ ಅದೇ ಶತಮಾನದಲ್ಲಿ ಜಸ್ಟಿನನು, ಕ್ರೈಸ್ತರೇ ನಿಜವಾದ ಇಸ್ರಾಯೇಲ್ ಎಂದು ವಾದಿಸಿದನು. ಗ್ರಂಥವನ್ನು ಉಳಿಸಿಕೊಂಡು ಗ್ರಂಥದ ಜನರನ್ನು ದೂರವಿಟ್ಟ ಈ ನಿಲುವು ಯೂರೋಪಿನಲ್ಲಿ ಯೆಹೂದ್ಯದ್ವೇಷಕ್ಕೆ ಆಸರೆಯಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದ್ಯರ ಹತ್ಯೆ ನಡೆದ ಮೇಲೆ ಪುನರ್ವಿಮರ್ಶೆ ಅನಿವಾರ್ಯವಾಯಿತು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪೌಲನ ಅದೇ ಅಧ್ಯಾಯಗಳನ್ನು ಆಧರಿಸಿ, ಯೆಹೂದ್ಯರನ್ನು ದೇವರಿಂದ ತಿರಸ್ಕೃತರೆಂದು ಚಿತ್ರಿಸಕೂಡದೆಂದು ಸಾರಿತು. ಪೌಲನ ಉತ್ತರಕ್ಕೆ ಕಥೋಲಿಕ ಸಭೆಯು ಹೀಗೆ ಮರಳಲು ಹತ್ತೊಂಬತ್ತು ಶತಮಾನಗಳು ಬೇಕಾದವು.