ಚಿಂದಿಯ ಚರಿತ್ರೆ

ಹಳೆಯ ಬಟ್ಟೆಯಿಂದ ಹೊಸ ಬಟ್ಟೆ ಮಾಡುವ ಮಾತು ಈಚೆಗೆ ಎಲ್ಲೆಲ್ಲೂ ಕೇಳಿಬರುತ್ತಿದೆ. ಇದು ನಮ್ಮ ಕಾಲದ ಆವಿಷ್ಕಾರವೆಂದು ತಿಳಿದವರೂ ಉಂಟು. ಆದರೆ ಈ ವಿದ್ಯೆಗೆ ಇನ್ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ.

ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಉಣ್ಣೆಗೆ ಅಭಾವವುಂಟಾಯಿತು. ಯಾರ್ಕ್‌ಷೈರಿನ ಬ್ಯಾಟ್ಲಿ ಎಂಬ ಊರಿನ ಬೆಂಜಮಿನ್ ಲಾ ಎಂಬಾತ 1813ರ ಸುಮಾರಿಗೆ ಉಣ್ಣೆಯ ಚಿಂದಿಗಳನ್ನು ಎಳೆ ಎಳೆಯಾಗಿ ಬಿಡಿಸಿ, ಹೊಸ ಉಣ್ಣೆ ಬೆರೆಸಿ, ಮತ್ತೆ ನೂತು ನೇಯಿಸಿದನೆಂದು ಹೇಳುತ್ತಾರೆ. ಅದಕ್ಕೆ ‘ಶಾಡಿ’ ಎಂದು ಹೆಸರು. 1830ರ ದಶಕದಲ್ಲಿ ದರ್ಜಿಗಳು ಕತ್ತರಿಸಿ ಬಿಟ್ಟ ಗಟ್ಟಿ ಉಣ್ಣೆಬಟ್ಟೆಯ ತುಂಡುಗಳಿಂದ ‘ಮಂಗೊ’ ಎಂಬ ಇನ್ನೊಂದು ಬಗೆಯೂ ಹುಟ್ಟಿತು. ಯುರೋಪಿನ ಚಿಂದಿಯೆಲ್ಲ ಬ್ಯಾಟ್ಲಿಗೂ ನೆರೆಯ ಡ್ಯೂಸ್‌ಬರಿಗೂ ಹರಿದುಬಂದಿತು. 1860ರಲ್ಲಿ ಸ್ಯಾಮ್ಯುಅಲ್ ಜಬ್ ಎಂಬ ಬ್ಯಾಟ್ಲಿಯ ಗಿರಣಿಗಾರ ಈ ಕಸುಬಿನ ಇತಿಹಾಸವನ್ನೇ ಗ್ರಂಥವಾಗಿ ಬರೆದ.

ಈ ಕಸುಬಿನ ಕಷ್ಟವೆಲ್ಲ ಇದ್ದುದು ಚಿಂದಿಯನ್ನು ವಿಂಗಡಿಸುವ ಕೋಣೆಯಲ್ಲಿ. ಅಲ್ಲಿ ಹೆಂಗಸರು ಕುಳಿತು ಬಣ್ಣಕ್ಕೆ ಬಣ್ಣ, ಬಗೆಗೆ ಬಗೆ ಬೇರೆ ಮಾಡುತ್ತಿದ್ದರು. ಗುಂಡಿ ಕಿತ್ತು, ಒಳಪದರ ಬಿಚ್ಚಿ, ಹೊಲಿಗೆಯ ಅಂಚನ್ನು ಕತ್ತರಿಸಿ ತೆಗೆಯುತ್ತಿದ್ದರು. ಕೋಟು ಉಣ್ಣೆಯದಾದರೂ ಹೊಲಿದ ದಾರ ಹತ್ತಿಯದು. ನೂಲಿಗೆ ಬಾರದ ಕಸರು ಕೆಂಟ್ ಪ್ರಾಂತದ ಹಾಪ್ ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಹತ್ತಿಯ ಹಾಸು, ಉಣ್ಣೆಯ ಹೊಕ್ಕು ಇದ್ದ ಬಟ್ಟೆಯಾದರೆ ಕತ್ತರಿಗೆ ದಾರಿಯೇ ಇಲ್ಲ. ಅದನ್ನು ಗಂಧಕಾಮ್ಲದಲ್ಲಿ ಅದ್ದಿ ಕಾಯಿಸಿದರೆ ಹತ್ತಿ ಕರಿಕಾಗಿ ಪುಡಿಯಾಗಿ ಉದುರಿ, ಉಣ್ಣೆ ಉಳಿಯುತ್ತಿತ್ತು. ನೇಯುವಾಗ ಕೂಡಿಸಿದ್ದನ್ನು ಬಿಡಿಸಲು ಆಮ್ಲವೇ ಬೇಕಾಯಿತು!

ಬಿಡಿಸಿದಷ್ಟೂ ಎಳೆ ಗಿಡ್ಡವಾಗುತ್ತದೆ. ಹೊಸ ಉಣ್ಣೆ ಸಾಲದಿದ್ದರೆ ಬಟ್ಟೆ ಬಾಳುವುದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಗುತ್ತಿಗೆದಾರರು ಸೈನಿಕರಿಗೆ ಇಂಥ ಕಳಪೆ ಬಟ್ಟೆ ತೊಡಿಸಿದ ಮೇಲೆ ‘ಶಾಡಿ’ ಎಂಬ ಮಾತು ಬೈಗುಳವೇ ಆಗಿ ನಿಂತಿತು.

ಹೆಚ್ಚಿನ ಪೆಟ್ಟು ಬಿದ್ದುದು ಆಮೇಲೆ. 1941ರಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ಎಳೆಯನ್ನು ಕಂಡುಹಿಡಿದರು. 1958ರಲ್ಲಿ ಹಿಗ್ಗುವ ಸ್ಪ್ಯಾಂಡೆಕ್ಸ್ ಬಂದಿತು. ಇವು ಹತ್ತಿ ಉಣ್ಣೆಗಳೊಡನೆ ಒಂದೇ ನೂಲಿನಲ್ಲಿ ಬೆರೆತಾಗ ಕತ್ತರಿಯೂ ಸೋತಿತು, ಹಳೆಯ ಆಮ್ಲದ ಉಪಾಯವೂ ಸಾಲದಾಯಿತು. ಯಾರ್ಕ್‌ಷೈರಿನ ಚಿಂದಿಯ ಗಿರಣಿಗಳು ಇಳಿಮುಖವಾದುದಕ್ಕೆ ಇದೂ ಒಂದು ಕಾರಣ. ಇಂದು ನಮ್ಮ ದೇಶದ ಪಾಣಿಪತ್ತಿನಲ್ಲಿ ಹಳೆಯ ಬಟ್ಟೆ ಕಂಬಳಿಯಾಗುತ್ತಿದೆ. ಆದರೂ ಜಗತ್ತಿನ ಉಡುಪಿನ ಸಾಮಗ್ರಿಯಲ್ಲಿ ಮತ್ತೆ ಉಡುಪಾಗುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆಯೆಂದು 2017ರ ಎಲೆನ್ ಮ್ಯಾಕಾರ್ಥರ್ ಪ್ರತಿಷ್ಠಾನದ ವರದಿ ಲೆಕ್ಕ ಹಾಕಿದೆ. ಯುರೋಪಿನ ಒಕ್ಕೂಟದ ದೇಶಗಳಲ್ಲಿ 2025ರಿಂದ ಹಳೆಯ ಜವಳಿಯನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂಬ ನಿಯಮವಿದೆ. ಸಂಗ್ರಹಿಸಿದ ಮಾತ್ರಕ್ಕೆ ಬೆರಕೆ ನೂಲು ಬಿಡಿಯಾಗದಷ್ಟೆ.

ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತ ಬಂದಿದ್ದಾರೆ. ಸೀರೆಗೆ ಗುಂಡಿಯಿಲ್ಲ, ಒಳಪದರವಿಲ್ಲ. ಅದನ್ನು ಯಾರೂ ಕತ್ತರಿಸಿ ಕೆಡಿಸಿರುವುದಿಲ್ಲ. ಕೌದಿಗೆ ಅದು ಸುಲಭವಾಗಿ ಒದಗುವುದು ಆ ಕಾರಣಕ್ಕೆ. ಇಂದಿನ ವಿನ್ಯಾಸಕಾರರು ಒಂದೇ ಬಗೆಯ ನೂಲು, ಸುಲಭವಾಗಿ ಬಿಚ್ಚುವ ಹೊಲಿಗೆ ಎಂದು ಹೇಳುತ್ತಿರುವುದೂ ಇದನ್ನೇ. ಬ್ಯಾಟ್ಲಿಯ ಚಿಂದಿಕೋಣೆಯ ಹೆಂಗಸರನ್ನು ಯಾರಾದರೂ ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರೇನೋ.