ಚಿತ್ರಕಾರನೂ ಚಿತ್ರವ್ಯಾಪಾರಿಯೂ

ಮುಧೋಳ ಸೀಮೆಯ ತಿಮ್ಮಾಪುರದಂತಹ ಊರಿನಲ್ಲಿ ಬಾಲಕನೊಬ್ಬನು ಇದ್ದಲಿನ ತುಂಡಿನಿಂದ ಗೋಡೆಯ ಮೇಲೆ ಎತ್ತಿನ ಚಿತ್ರವನ್ನು ಸೊಗಸಾಗಿ ಬರೆದನೆಂದರೆ ಮೆಚ್ಚುವವರು ಹಲವರು ಸಿಕ್ಕಾರು. ಆದರೆ ಇದರಿಂದ ಹೊಟ್ಟೆ ತುಂಬುವುದೇ ಎಂದು ಕೇಳದ ತಂದೆಯು ವಿರಳ. ಈ ಪ್ರಶ್ನೆಯನ್ನು ಅರಸಿಕತೆಯೆಂದು ತಳ್ಳಿಹಾಕುವುದು ಕಲಾಭಿಮಾನಿಗಳಾದ ನಮ್ಮಲ್ಲಿ ವಾಡಿಕೆಯಾಗಿದೆ. ಅದು ನ್ಯಾಯವಲ್ಲ. ಚಿತ್ರಕಲೆಯ ಚರಿತ್ರೆಯನ್ನು ರೇಖೆ ವರ್ಣಗಳ ಚರಿತ್ರೆಯಾಗಿ ಬರೆಯುವಂತೆಯೇ, ಚಿತ್ರಕ್ಕೆ ಹಣ ಕೊಟ್ಟವರಾರು, ಕೊಡಿಸಿದವರಾರು ಎಂಬುದರ ಚರಿತ್ರೆಯಾಗಿಯೂ ಬರೆಯಬಹುದಾಗಿದೆ.

ಪ್ರಾಚೀನ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವು ಸುಲಭವಾಗಿದ್ದಿತು. ಮುಧೋಳದಲ್ಲಿ ಬಳೆಗಾರರ ಕುಲದಲ್ಲಿ ಹುಟ್ಟಿದ ರನ್ನನು ಬಳೆಯ ಮಲಾರವನ್ನು ಬಿಟ್ಟು ವಿದ್ಯೆಯನ್ನರಸಿ ಹೊರಟಾಗ ಅವನಿಗೆ ಚಾವುಂಡರಾಯನೂ ಅತ್ತಿಮಬ್ಬೆಯೂ ಆಶ್ರಯವಾದರು. ಕವಿಯ ಗತಿಯೇ ಚಿತ್ರಕಾರನ ಗತಿಯೂ ಆಗಿದ್ದಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಚಿನ್ನದ ರೇಕನ್ನು ಹಚ್ಚಿ ದೇವತಾಮೂರ್ತಿಗಳನ್ನು ಬರೆದ ಚಿತ್ರಗಾರರು ತಮ್ಮ ಕೃತಿಗೆ ಗಿರಾಕಿಯನ್ನು ಹುಡುಕಬೇಕಾಗಿರಲಿಲ್ಲ. ಕೊಳ್ಳುವವನು ಚಿತ್ರಕ್ಕಿಂತ ಮೊದಲೇ ಸಿದ್ಧನಾಗಿರುತ್ತಿದ್ದನು. ಇಂತಹ ವ್ಯವಸ್ಥೆಯಲ್ಲಿ ಚಿತ್ರವ್ಯಾಪಾರಿಗೆ ಎಡೆಯೇ ಇಲ್ಲ.

ಈ ವ್ಯವಸ್ಥೆಯನ್ನು ಅಲುಗಿಸಿದವರು ತಿರುವಾಂಕೂರಿನ ರಾಜಾ ರವಿವರ್ಮರು. ಮೈಸೂರು ಬರೋಡೆಗಳ ಅರಮನೆಗಳಿಂದ ಮನ್ನಣೆ ಪಡೆದಿದ್ದ ಅವರೇ 1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯವನ್ನು ಸ್ಥಾಪಿಸಿ ಸರಸ್ವತಿಯನ್ನೂ ಲಕ್ಷ್ಮಿಯನ್ನೂ ಬಡವರ ಗೋಡೆಗೆ ತಂದರು. ನಮ್ಮ ಅಜ್ಜಿಯರ ದೇವರ ಕೋಣೆಯಲ್ಲಿ ಈ ಪಟಗಳನ್ನು ಕಾಣದವರಾರು? ಆದರೆ ಮುದ್ರಣಾಲಯವು ಸಾಲದಲ್ಲಿ ಮುಳುಗಿತು. ಹೊಸ ಶತಮಾನದ ಆರಂಭದಲ್ಲಿ ಅದು ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ಕುಶಲಿಯ ಕೈಸೇರಿತು. ಜಾಹೀರಾತು, ಲೇಬಲ್ಲುಗಳ ಮುದ್ರಣವನ್ನೂ ಸೇರಿಸಿಕೊಂಡು ಅದನ್ನು ನಡೆಯಿಸಿದವನು ಅವನು. ಬರೆಯುವ ವಿದ್ಯೆ ಬೇರೆ, ಮಾರುವ ವಿದ್ಯೆ ಬೇರೆ.

ಆಶ್ರಯವು ಸಡಿಲಗೊಂಡು ಮಾರುಕಟ್ಟೆಯು ಇನ್ನೂ ಹುಟ್ಟದಿದ್ದ ಸಂಧಿಕಾಲದ ಸಂಕಟವನ್ನು ಕೆ. ವೆಂಕಟಪ್ಪನವರಷ್ಟು ತೀವ್ರವಾಗಿ ಅನುಭವಿಸಿದವರು ನಮ್ಮ ನಾಡಿನಲ್ಲಿ ಮತ್ತೊಬ್ಬರಿಲ್ಲ. 1886ರಲ್ಲಿ ಚಿತ್ರಗಾರರ ಮನೆತನದಲ್ಲಿ ಜನಿಸಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. 1913ರಲ್ಲಿ ಪ್ರಕಟವಾದ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥಾಗ್ರಂಥಕ್ಕೆ ರಾಮಾಯಣದ ಚಿತ್ರಗಳನ್ನು ರಚಿಸಿಕೊಟ್ಟರು. ನೀಲಗಿರಿಯ ಮಂಜು ಬಿಸಿಲುಗಳನ್ನು ಅವರಂತೆ ಜಲವರ್ಣದಲ್ಲಿ ಹಿಡಿದವರು ಅಪರೂಪ. ಅರಮನೆಗಾಗಿ ಪ್ಲಾಸ್ಟರಿನ ಉಬ್ಬುಚಿತ್ರಗಳನ್ನೂ ನಿರ್ಮಿಸಿದರು. ಆ ಕೆಲಸದ ಸಂಭಾವನೆಯ ವಿಷಯದಲ್ಲಿ ಭಿನ್ನಾಭಿಪ್ರಾಯವುಂಟಾಗಿ ಅವರು ನ್ಯಾಯಾಲಯದ ಮೆಟ್ಟಿಲನ್ನೇರಬೇಕಾಯಿತು, ಜಯವು ದೊರೆಯಲಿಲ್ಲ. ಇದನ್ನು ಕಲಾವಿದನ ಹಟವೆಂದು ಕೆಲವರು ಹೇಳುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಆಸ್ಥಾನದ ಚಿತ್ರಗಾರನಾದ ಅವರ ಪೂರ್ವಜನು ದೊರೆ ಕೊಟ್ಟುದನ್ನು ಪ್ರಸಾದವೆಂದು ಸ್ವೀಕರಿಸಿದ್ದನು. ವೆಂಕಟಪ್ಪನವರು ತಮ್ಮ ಶ್ರಮಕ್ಕೆ ಬೆಲೆಯುಂಟೆಂದೂ ಆ ಬೆಲೆಯನ್ನು ಕೇಳುವುದು ತಮ್ಮ ಹಕ್ಕೆಂದೂ ಭಾವಿಸಿದರು. ಬೆಲೆಯನ್ನು ಅವರ ಪರವಾಗಿ ಕುದುರಿಸಿ, ಕರಾರನ್ನು ಬರೆಯಿಸಿಕೊಳ್ಳತಕ್ಕ ಮಧ್ಯಸ್ಥನು ಮಾತ್ರ ಅಂದಿನ ಮೈಸೂರಿನಲ್ಲಿರಲಿಲ್ಲ.

ಕೃಷ್ಣಾ ಘಟಪ್ರಭೆಗಳ ನಾಡಿನ ಕಥೆಯು ಬೇರೆಯಾಗಿದ್ದಿತು. ಜಮಖಂಡಿ, ಮುಧೋಳಗಳು 1948ರವರೆಗೆ ಚಿಕ್ಕ ಸಂಸ್ಥಾನಗಳಾಗಿದ್ದವು. ಸುತ್ತಲಿನ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದಿತು. ಆದುದರಿಂದ ಇಲ್ಲಿಯ ಕಲಾರ್ಥಿಯ ದಾರಿಯು ಮೈಸೂರಿನ ಕಡೆಗಲ್ಲ, 1857ರಲ್ಲಿ ಆರಂಭವಾದ ಮುಂಬಯಿಯ ಜೆ. ಜೆ. ಕಲಾಶಾಲೆಯ ಕಡೆಗೆ ತಿರುಗಿದ್ದಿತು. ಹಿಂದಿರುಗಿದವರು ಪ್ರಾಯಶಃ ಡ್ರಾಯಿಂಗ್ ಮಾಸ್ತರರಾದರು. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ ಗದಗಿನಲ್ಲಿ ಟಿ. ಪಿ. ಅಕ್ಕಿಯವರೂ ಕಲಾಶಾಲೆಗಳನ್ನು ತೆರೆದು ಅನೇಕರಿಗೆ ದಾರಿ ತೋರಿದರು. ಹಿಂದಿರುಗದವರೂ ಉಂಟು. ಕಲಬುರ್ಗಿಯ ಎಸ್. ಎಂ. ಪಂಡಿತರು ಮುಂಬಯಿಯಲ್ಲಿ ಚಲಚ್ಚಿತ್ರಗಳ ಪ್ರಚಾರಚಿತ್ರಗಳನ್ನೂ ಕ್ಯಾಲೆಂಡರುಗಳನ್ನೂ ಬರೆದು ದೇಶದಲ್ಲೆಲ್ಲ ಮನೆಮಾತಾದರು. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಜೆ. ಜೆ. ಶಾಲೆಯಲ್ಲಿ ಕಲಿತು, ಅಲ್ಲಿಯೇ ಬೋಧಿಸಿ, ಪ್ಯಾರಿಸ್ಸಿಗೂ ಹೋಗಿಬಂದು ಮುಂಬಯಿಯಲ್ಲಿಯೇ ನೆಲೆಸಿದರು. ಕನ್ನಡಿಗರ ಕೈಚಳಕವು ಏಕೆ ಹೀಗೆ ಹೊರನಾಡಿನಲ್ಲಿ ನೆಲೆಸಿತು? ಅಲ್ಲಿ ಕೊಳ್ಳುವವರಿದ್ದರು, ಕೊಳ್ಳಿಸುವವರೂ ಇದ್ದರು.

ಕೊಳ್ಳಿಸುವವರ ಕುಲವು ಎಲ್ಲಿಂದ ಹುಟ್ಟುವುದೆಂಬುದು ಸ್ವಾರಸ್ಯವಾದ ವಿಷಯ. ಪ್ಯಾರಿಸ್ಸಿನ ಪಾಲ್ ಡ್ಯೂರಾಂ ರುಎಲ್ ಎಂಬವನ ತಂದೆತಾಯಿಗಳು ಕಾಗದ, ಚಿತ್ರಸಾಮಗ್ರಿಗಳ ಅಂಗಡಿಯನ್ನಿಟ್ಟಿದ್ದರು. ಮಗನು 1872ರಲ್ಲಿ, ಜನರು ನಗುತ್ತಿದ್ದ ಮಾನೆಯ 23 ಚಿತ್ರಗಳನ್ನು ಒಮ್ಮೆಗೇ ಕೊಂಡನು. ಮೋನೆ, ರೆನ್ವಾರ್ ಮೊದಲಾದವರಿಗೆ ಮುಂಗಡ ಹಣವನ್ನು ಕೊಟ್ಟು ಪೊರೆದನು. ತಾನೇ ದಿವಾಳಿಯ ಅಂಚಿಗೆ ಬಂದು 1886ರ ನ್ಯೂಯಾರ್ಕ್ ಪ್ರದರ್ಶನದಿಂದ ಚೇತರಿಸಿಕೊಂಡನು. ಮುಂಬಯಿಯಲ್ಲಿಯೂ ಹಾಗೆಯೇ. ಕೇಕೂ ಗಾಂಧಿಯವರು 1941ರಲ್ಲಿ ಆರಂಭಿಸಿದುದು ಚೌಕಟ್ಟುಗಳ ವ್ಯಾಪಾರ. ಚೌಕಟ್ಟಿನೊಳಗೆ ಹೊಸ ಚಿತ್ರಕಾರರ ಕೃತಿಗಳನ್ನು ತೂಗುಹಾಕುತ್ತ, 1963ರಲ್ಲಿ ಜಹಾಂಗೀರ್ ಕಲಾಮಂದಿರದ ಮಹಡಿಯ ಮೇಲೆ ಕೆಮೋಲ್ಡ್ ಗ್ಯಾಲರಿಯನ್ನೇ ತೆರೆದರು. ರಬಕವಿ ಬನಹಟ್ಟಿಗಳ ನೇಕಾರರಿಗೆ ಇಂತಹ ಮಧ್ಯಸ್ಥನ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ನೂಲು ಕೊಟ್ಟು ಸೀರೆ ಪಡೆಯುವ ಸಾಹುಕಾರನನ್ನು ಅವರು ಬಲ್ಲರು: ಅವನಿಲ್ಲದೆ ಮಗ್ಗ ನಡೆಯದು, ಅವನಿದ್ದರೆ ಲಾಭದ ಹೆಚ್ಚಿನ ಭಾಗವು ಮಗ್ಗದವನಿಗೆ ಉಳಿಯದು.

ಬೆಂಗಳೂರಿನಲ್ಲಿ ಈ ಉದ್ಯೋಗವು ಬೇರುಬಿಟ್ಟುದು ತಡವಾಗಿ. 1960ರಲ್ಲಿ ಎಂ. ಎಸ್. ನಂಜುಂಡರಾಯರ ಪರಿಶ್ರಮದಿಂದ ಚಿತ್ರಕಲಾ ಪರಿಷತ್ತು ಹುಟ್ಟಿತು. ಖಾಸಗಿ ಗ್ಯಾಲರಿಗಳು ನೆಲೆಯೂರಿದುದು ಆ ಶತಮಾನದ ಕೊನೆಯ ಭಾಗದಲ್ಲಿ. ಪರಿಷತ್ತಿನ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಾರನು ಮಧ್ಯಸ್ಥನಿಲ್ಲದೆ ತಾನೇ ಗಿರಾಕಿಯೊಡನೆ ಚೌಕಾಸಿ ಮಾಡುತ್ತಾನೆ. ಇಂದು ಬರೆಯಲಾರದವನಿಗೂ ಕಲೆಯ ಲೋಕದಲ್ಲಿ ಅನ್ನವುಂಟು: ಪ್ರದರ್ಶನವನ್ನು ಯೋಜಿಸುವವನು, ಹಳೆಯ ಪಟದ ಬಿರುಕನ್ನು ಸರಿಪಡಿಸುವವನು, ಚೌಕಟ್ಟು ಕಟ್ಟುವವನು, ಚಿತ್ರದ ಪೂರ್ವೋತ್ತರವನ್ನು ಶೋಧಿಸಿ ನಕಲಿಯನ್ನು ಬಯಲಿಗೆಳೆಯುವವನು, ಹರಾಜು ಕೂಗುವವನು. ಕಾನೂನೂ ಸ್ವಲ್ಪ ಕಣ್ತೆರೆದಿದೆ. 1994ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಶಾಸನಕ್ಕೆ ಸೇರಿದ ವಿಧಿಯಂತೆ, ಮೂಲಚಿತ್ರವು 10,000 ರೂಪಾಯಿಗಿಂತ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಚಿತ್ರಕಾರನಿಗೂ ಅವನ ವಾರಸುದಾರರಿಗೂ ಆ ಬೆಲೆಯಲ್ಲಿ ಪಾಲುಂಟು. ಆ ಪಾಲು ನೂರಕ್ಕೆ ಹತ್ತನ್ನು ಮೀರಕೂಡದು. ಆದರೆ ಯಾವ ಚಿತ್ರವು ಯಾವ ದಿನ ಯಾರ ಕೈಗೆ ಹೋಯಿತೆಂಬ ಕಾಗದವಿಲ್ಲದೆ ಈ ಪಾಲನ್ನು ಕೇಳುವುದು ಹೇಗೆ? ತಿಮ್ಮಾಪುರದ ಬಾಲಕನು ಕುಂಚ ಹಿಡಿಯಲು ಕಲಿಯುವಾಗಲೇ ರಸೀತಿ ಬರೆಯಲೂ ಕಲಿಯಲಿ.

ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಸರ್ಕಾರವು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯನ್ನು ಕಟ್ಟಿಸಿ ಅವರ ಕೃತಿಗಳನ್ನು ಅಲ್ಲಿರಿಸಿತು. ನೀಲಗಿರಿಯ ಆ ಚಿತ್ರಗಳನ್ನು ಕಾಣಬೇಕೆನ್ನುವವರು ಅಲ್ಲಿಗೇ ಹೋಗಬೇಕು.