ಎರಡು ಅಂಗುಲದ ಹಾಸಿಗೆ



ಕಳೆದ ವಾರ ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿ ಮಾಡಿದ್ದನು. ಮಕ್ಕಳ ಬೇಸಿಗೆ ರಜೆಗೆಂದು ಮೋಟರ್‌ಹೋಮ್ ಒಂದನ್ನು ಬಾಡಿಗೆಗೆ ಹಿಡಿದಿದ್ದಾನಂತೆ. ಅಡುಗೆ, ಊಟ, ನಿದ್ದೆ ಎಲ್ಲವೂ ಆ ಗಾಡಿಯೊಳಗೇ. "ಮೇಷ್ಟ್ರೇ, ಎಲ್ಲಾ ಸರಿಯಾಗಿದೆ, ಆದರೆ ಅದರ ಹಾಸಿಗೆಯ ಮೇಲೆ ಮಲಗಿ ನೋಡಿದೆ, ಬೆನ್ನು ಹಿಡಿದುಕೊಂಡಿತು. ಅಮ್ಮನೂ ಊರಿನಿಂದ ಬಂದಿದ್ದಾರೆ. ನನಗೆ ಹಾಸಿಗೆ ಬೇಡ, ಕುಳಿತುಕೊಂಡೇ ನಿದ್ದೆ ಮಾಡುತ್ತೇನೆ ಅನ್ನುತ್ತಾರೆ. ಎಂಥ ಹಾಸಿಗೆ ಕೊಳ್ಳಲಿ?" ಎಂದು ಕೇಳಿದನು. ಇತಿಹಾಸದ ಮೇಷ್ಟರನ್ನು ಹಾಸಿಗೆಯ ವಿಷಯ ಕೇಳುವುದುಂಟೇ ಎಂದು ನಕ್ಕೆ. ಆದರೆ ತಾಯಿ ಆಡಿದ ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಚಲಿಸುವ ಗಾಡಿಯಲ್ಲಿ ಮನುಷ್ಯನು ಹೇಗೆ ಮಲಗುತ್ತಾ ಬಂದ ಎಂಬುದಕ್ಕೂ ಒಂದು ಇತಿಹಾಸವಿದೆ. ಯಾರು ಮಲಗಿದರು, ಯಾರು ಕುಳಿತೇ ರಾತ್ರಿ ಕಳೆದರು ಎಂಬುದೇ ಅದರ ತಿರುಳು.

ನಮ್ಮ ಹಿರಿಯರ ಪ್ರಯಾಣದ ಹಾಸಿಗೆ ಸರಳವಾದುದು. ಜಾತ್ರೆಗೋ ಮದುವೆಗೋ ಹೊರಟ ಕಮಾನುಗಾಡಿಯಲ್ಲಿ ಮೊದಲು ದಪ್ಪನಾಗಿ ಭತ್ತದ ಹುಲ್ಲು, ಅದರ ಮೇಲೆ ಜಮಖಾನ, ಒರಗಲು ಬೂರುಗದ ಹತ್ತಿಯ ದಿಂಬು. ಕುರಿಯ ಹಿಂಡಿನೊಡನೆ ತಿಂಗಳುಗಟ್ಟಲೆ ಅಲೆಯುವ ಕುರಿಗಾಹಿಗಳಿಗೆ ಒಂದು ಕರಿಯ ಕಂಬಳಿಯೇ ಸರ್ವಸ್ವ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಳೆ ಬಂದರೆ ಗೊಪ್ಪೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿಗಳೂ ಹೀಗೆಯೇ ಊರೂರು ಸುತ್ತಿದವು. ಹುಲ್ಲಾಗಲಿ ಉಣ್ಣೆಯಾಗಲಿ ಮಾಡುತ್ತಿದ್ದ ಕೆಲಸ ಒಂದೇ: ತನ್ನೊಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡು ನೆಲದ ಚಳಿಯನ್ನೂ ಗಾಡಿಯ ಕುಲುಕಾಟವನ್ನೂ ತಡೆಯುವುದು.

ಚಕ್ರದ ಮೇಲೆ ನಿಜವಾದ ಹಾಸಿಗೆಯನ್ನು ವ್ಯಾಪಾರದ ಸರಕಾಗಿ ಮಾಡಿದ ಕೀರ್ತಿ ಅಮೆರಿಕದ ಜಾರ್ಜ್ ಪುಲ್‌ಮನ್ನನಿಗೆ ಸಲ್ಲುತ್ತದೆ. ರೈಲಿನಲ್ಲಿ ಮಲಗುವ ಡಬ್ಬಿಗಳು ಆತನಿಗಿಂತ ಮೊದಲೇ ಇದ್ದವು, ಆದರೆ ಸುಖ ಇರಲಿಲ್ಲ. ಆತನು 1859ರಲ್ಲಿ ಹಳೆಯ ಡಬ್ಬಿಗಳನ್ನು ಮಾರ್ಪಡಿಸಿ ಪ್ರಯೋಗ ಆರಂಭಿಸಿದನು. 1865ರಲ್ಲಿ 'ಪಯೋನಿಯರ್' ಎಂಬ ವೈಭವದ ಡಬ್ಬಿಯನ್ನು ಸಿದ್ಧಪಡಿಸಿದನು. ಎದುರುಬದುರಾದ ಎರಡು ಆಸನಗಳನ್ನು ಒಂದಕ್ಕೊಂದು ಸರಿಸಿದರೆ ಕೆಳಗಿನ ಹಾಸಿಗೆ. ಛಾವಣಿಯ ಅಂಚಿನಲ್ಲಿ ಮಡಚಿಟ್ಟ ಹಲಗೆಯನ್ನು ಕೆಳಕ್ಕೆ ಇಳಿಸಿದರೆ ಮೇಲಿನ ಹಾಸಿಗೆ. ಹಗಲಿನಲ್ಲಿ ಹೊದಿಕೆ ದಿಂಬುಗಳೆಲ್ಲ ಆ ಮೇಲಿನ ಹಲಗೆಯೊಳಗೇ ಅಡಗಿರುತ್ತಿದ್ದವು. ಇಂದು ನನ್ನ ವಿದ್ಯಾರ್ಥಿಯ ಮೋಟರ್‌ಹೋಮಿನಲ್ಲಿ ಊಟದ ಮೇಜನ್ನು ಇಳಿಸಿ ಆಸನಗಳನ್ನು ಸೇರಿಸಿ ಹಾಸಿಗೆ ಮಾಡುವ ಉಪಾಯವು ಬಹುಮಟ್ಟಿಗೆ ಇದೇ.

ಆದರೆ ಆ ಹಾಸಿಗೆಯನ್ನು ಹಾಸುತ್ತಿದ್ದವರು ಯಾರು? ಅಂತರ್ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ್ದ ಕಪ್ಪು ಜನರನ್ನು ಪುಲ್‌ಮನ್ ಕಂಪನಿಯು ದೊಡ್ಡ ಸಂಖ್ಯೆಯಲ್ಲಿ ಪೋರ್ಟರುಗಳಾಗಿ ನೇಮಿಸಿಕೊಂಡಿತು. ಅವರಿಗೆ ಸ್ವಂತ ಹೆಸರಿನ ಗೌರವವೂ ಇರಲಿಲ್ಲ. ಅನೇಕ ಪ್ರಯಾಣಿಕರು ಎಲ್ಲರನ್ನೂ ಯಜಮಾನನ ಹೆಸರಿನಿಂದ 'ಜಾರ್ಜ್' ಎಂದೇ ಕೂಗುತ್ತಿದ್ದರು. ಪರರ ಹಾಸಿಗೆ ಹಾಸಿ, ಬೂಟುಗಳಿಗೆ ಪಾಲಿಶ್ ಮಾಡಿ, ಕರೆಗಂಟೆಗೆ ಕಿವಿಗೊಟ್ಟು ಕುಳಿತ ಆ ಜನರಿಗೆ ರಾತ್ರಿ ಸಿಗುತ್ತಿದ್ದುದು ಕೆಲವೇ ಗಂಟೆಗಳ ನಿದ್ದೆ. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಅವರ ನೇತೃತ್ವದಲ್ಲಿ ಪೋರ್ಟರುಗಳ ಸಂಘವು ಹುಟ್ಟಿತು. ಹನ್ನೆರಡು ವರ್ಷಗಳ ಹೋರಾಟದ ನಂತರ, 1937ರಲ್ಲಿ, ಕಂಪನಿಯು ಒಪ್ಪಂದಕ್ಕೆ ಸಹಿ ಹಾಕಿತು. ತಿಂಗಳಿಗೆ 400 ಗಂಟೆಗಳಷ್ಟಿದ್ದ ದುಡಿಮೆಯು 240 ಗಂಟೆಗಳಿಗೆ ಇಳಿಯಿತು. ಇದನ್ನು ಕೂಲಿಯ ಹೋರಾಟವೆಂದು ಪುಸ್ತಕಗಳು ಬರೆಯುತ್ತವೆ. ನಿದ್ದೆಯ ಹೋರಾಟವೆಂದರೂ ತಪ್ಪಾಗಲಾರದು.

ಇನ್ನು ನಮ್ಮ ದೇಶದ ಕಥೆ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. ಮುಂದೆ ದೂರಗಳು ಹೆಚ್ಚಿದವು, ಪ್ರಯಾಣದಲ್ಲಿ ರಾತ್ರಿಗಳು ಸೇರಿಕೊಂಡವು. ಮೊದಲನೆಯ ದರ್ಜೆಯ ಡಬ್ಬಿಯಲ್ಲಿ ಉದ್ದನೆಯ ಮೆತ್ತನೆಯ ಆಸನಗಳಿದ್ದರೂ ಹಾಸಿಗೆ ಹೊದಿಕೆಗಳನ್ನು ಪ್ರಯಾಣಿಕನೇ ತರಬೇಕಾಗಿತ್ತು. ಸಾಹೇಬರ ಹಾಸಿಗೆಯನ್ನು ಹಾಸಿಕೊಡಲು ಸೇವಕನೊಬ್ಬ ಬೇರೆ ಡಬ್ಬಿಯಲ್ಲಿ ಬರುತ್ತಿದ್ದನು. ಈ ಅಗತ್ಯವೇ ನಮ್ಮಲ್ಲಿ ಹೋಲ್ಡಾಲನ್ನು ಮನೆಮನೆಯ ವಸ್ತುವನ್ನಾಗಿ ಮಾಡಿತು.

ಹೋಲ್ಡಾಲನ್ನು ಕಾಣದ ಕಿರಿಯರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಅದು ದಪ್ಪ ಕ್ಯಾನ್ವಾಸ್ ಬಟ್ಟೆಯ ಉದ್ದನೆಯ ಹಾಸು. ಎರಡು ತುದಿಗಳಲ್ಲಿ ದೊಡ್ಡ ಜೇಬುಗಳು: ಒಂದರಲ್ಲಿ ದಿಂಬು, ಇನ್ನೊಂದರಲ್ಲಿ ಬಟ್ಟೆಬರೆ, ಚಪ್ಪಲಿ. ನಡುವೆ ತೆಳುವಾದ ಹಾಸಿಗೆ, ದುಪ್ಪಟಿ, ಕಂಬಳಿ. ಎಲ್ಲವನ್ನೂ ಸುರುಳಿ ಸುತ್ತಿ, ಮೊಣಕಾಲಿನಿಂದ ಒತ್ತಿ, ಚರ್ಮದ ಪಟ್ಟಿಗಳಿಂದ ಬಿಗಿದರೆ ಆಯಿತು. ರೈಲು ನಿಲ್ದಾಣದಲ್ಲಿ ಅದೇ ಆಸನ, ರೈಲಿನೊಳಗೆ ಬಿಚ್ಚಿದರೆ ಹಾಸಿಗೆ. ಸೈನ್ಯದ ಅಧಿಕಾರಿಗಳಿಂದ ಹಿಡಿದು ವರ್ಗಾವಣೆಯಾದ ಗುಮಾಸ್ತರವರೆಗೆ ಎಲ್ಲರ ಪ್ರಯಾಣದ ಸಂಗಾತಿ ಅದಾಗಿತ್ತು.

ಆದರೆ ಹೋಲ್ಡಾಲನ್ನು ಬಿಚ್ಚಲು ಜಾಗ ಬೇಕಲ್ಲವೇ? ಬಹುಪಾಲು ಭಾರತೀಯರು ಪ್ರಯಾಣ ಮಾಡುತ್ತಿದ್ದ ಮೂರನೆಯ ದರ್ಜೆಯಲ್ಲಿ ಅದೇ ಇರಲಿಲ್ಲ. 1917ರಲ್ಲಿ ಗಾಂಧೀಜಿಯವರು ಮುಂಬಯಿಯಿಂದ ಮದರಾಸಿಗೆ 13 ರೂಪಾಯಿ 9 ಆಣೆ ಕೊಟ್ಟು ಮೂರನೆಯ ದರ್ಜೆಯಲ್ಲಿ ಹೊರಟರು. ಅದೇ ವರ್ಷ ಆ ಅನುಭವವನ್ನು ಬರೆದು ಪ್ರಕಟಿಸಿದರು. ಡಬ್ಬಿಯ ಮೇಲೆ 22 ಜನರಿಗೆ ಎಂದು ಬರೆದಿತ್ತು. ಅದು ಕುಳಿತುಕೊಳ್ಳುವ ಲೆಕ್ಕ ಮಾತ್ರ. ಮಲಗಲು ಯೋಗ್ಯವಾದ ಹಲಗೆಗಳಿರಲಿಲ್ಲ. ಕಳೆಯಬೇಕಾಗಿದ್ದುದು ಎರಡು ರಾತ್ರಿಗಳನ್ನು. ಹಟ ಹಿಡಿದ ಇಬ್ಬರು ಮೂವರ ಹೊರತು ಮಿಕ್ಕವರೆಲ್ಲರೂ ಕುಳಿತೇ ತೂಕಡಿಸಿದರು. ರಾಯಚೂರು ದಾಟಿದ ಮೇಲಂತೂ ನೂಕುನುಗ್ಗಲು ಸಹಿಸಲಾರದಷ್ಟಾಯಿತೆಂದು ಅವರು ಬರೆದಿದ್ದಾರೆ. ಮೊದಲನೆಯ ದರ್ಜೆಯವನು ಐದು ಪಟ್ಟಿಗಿಂತ ಹೆಚ್ಚು ಹಣ ಕೊಡುತ್ತಾನೆ, ಒಪ್ಪೋಣ; ಆದರೆ ಮೂರನೆಯ ದರ್ಜೆಯವನಿಗೆ ಅವನ ಸುಖದ ಐದನೆಯ ಒಂದು ಪಾಲಾದರೂ, ಹತ್ತನೆಯ ಒಂದು ಪಾಲಾದರೂ ಸಿಗುತ್ತಿದೆಯೇ ಎಂಬುದು ಅವರ ಪ್ರಶ್ನೆ. ತರಗತಿಯಲ್ಲಿ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಸ್ವಾತಂತ್ರ್ಯಾನಂತರ ಮೂರನೆಯ ದರ್ಜೆಗೂ ಮಲಗುವ ಡಬ್ಬಿಗಳು ಬಂದವು. ಆದರೆ ಅವುಗಳಲ್ಲಿ ಇದ್ದುದು ಬರಿಯ ಮರದ ಹಲಗೆ. ಕಾಯ್ದಿರಿಸದ ಡಬ್ಬಿಗಳಲ್ಲಿ ಅದೂ ಇಲ್ಲ.

ಇಲ್ಲಿ ನನ್ನದೊಂದು ನೆನಪನ್ನು ಹೇಳಲೇಬೇಕು. 1973ರಲ್ಲಿ ನಮ್ಮ ತಂದೆಯವರು ಅಜ್ಜಿಯ ಆಸೆಯಂತೆ ನಮ್ಮನ್ನೆಲ್ಲ ಕಾಶಿಗೆ ಕರೆದುಕೊಂಡು ಹೋದರು. ಬೆಂಗಳೂರಿನಿಂದ ಮದರಾಸು, ಅಲ್ಲಿಂದ ಉತ್ತರಕ್ಕೆ. ನಾವು ಆರು ಜನ, ನಮ್ಮಲ್ಲಿದ್ದುದು ಒಂದೇ ಹೋಲ್ಡಾಲು. ಅದರ ಹಾಸಿಗೆ ಅಜ್ಜಿಗೆ, ಕಂಬಳಿ ನನಗೂ ತಂಗಿಗೂ, ದಿಂಬು ಚಿಕ್ಕ ತಮ್ಮನಿಗೆ. ತಂದೆಯವರು ಟ್ರಂಕಿನ ಮೇಲೆ ಒರಗಿ ನಿದ್ದೆಹೋಗುತ್ತಿದ್ದರು. ಅಮ್ಮ ಕಿಟಕಿಯ ಬಳಿ ಕುಳಿತಿರುತ್ತಿದ್ದರು. ರಾತ್ರಿ ಯಾವಾಗ ಎಚ್ಚರವಾದರೂ ಅವರು ಹಾಗೆಯೇ ಕುಳಿತಿರುವುದು ಕಾಣಿಸುತ್ತಿತ್ತು. "ಮಲಗಮ್ಮಾ" ಎಂದರೆ, "ನಂಗೆ ರೈಲಿನಲ್ಲಿ ನಿದ್ದೆ ಬರಲ್ಲ ಕಣೋ, ನೀನು ಮಲಕ್ಕೋ" ಎನ್ನುತ್ತಿದ್ದರು. ನಾನು ಅದನ್ನು ಅಕ್ಷರಶಃ ನಂಬಿದೆ. ಅಮ್ಮನಿಗೆ ರೈಲಿನಲ್ಲಿ ನಿದ್ದೆ ಬರುವುದಿಲ್ಲ ಎಂದು ದೊಡ್ಡವನಾದ ಮೇಲೂ ಎಲ್ಲರಿಗೂ ಹೇಳುತ್ತಿದ್ದೆ.

1974ರಲ್ಲಿ ಮೂರನೆಯ ದರ್ಜೆಯನ್ನು ರದ್ದುಮಾಡಲಾಯಿತು. ಹೆಸರು ಎರಡನೆಯ ದರ್ಜೆಯಾಯಿತು, ಹಲಗೆ ಮಾತ್ರ ಹಲಗೆಯಾಗಿಯೇ ಉಳಿಯಿತು. 1977ರಲ್ಲಿ ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾದರು. ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಮೇಷ್ಟರು ಅವರು. ಮೊದಲನೆಯ ದರ್ಜೆಯವರ ಸುಖವನ್ನು ಕಿತ್ತುಕೊಳ್ಳುವುದಲ್ಲ, ಎರಡನೆಯ ದರ್ಜೆಯವರನ್ನು ಮೇಲೆತ್ತುವುದು ತಮ್ಮ ಉದ್ದೇಶವೆಂದು ಅವರು ಹೇಳಿದರು. ಮರದ ಹಲಗೆಗಳ ಮೇಲೆ ಎರಡು ಅಂಗುಲ ದಪ್ಪದ ಫೋಮ್ ಹಾಕಿಸಲು ಆರಂಭಿಸಿದರು. 1977ರ ಡಿಸೆಂಬರಿನಲ್ಲಿ ಮುಂಬಯಿ ಮತ್ತು ಹೌರಾ ನಡುವೆ ದರ್ಜೆಭೇದವಿಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ ಓಡಲಾರಂಭಿಸಿತು. ಈ ಮೆತ್ತನೆಯ ಹಲಗೆಗಳು ಮೊದಲು ಬಂದುದು ಅದರಲ್ಲಿ. ಮುಂದೆ ಅವು ದೇಶದ ದೂರಪ್ರಯಾಣದ ರೈಲುಗಳಿಗೆಲ್ಲ ಹರಡಿದವು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ನಾವು ಬಡವರಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಕಾಲನ್ನು ಮಡಚಿಕೊಳ್ಳಿರೆಂದು ಹೇಳದೆ ಹಾಸಿಗೆಯನ್ನೇ ಸರಿಪಡಿಸಿದ ಆಡಳಿತಗಾರರು ವಿರಳ. ದಂಡವತೆಯವರು ಅಂಥವರಲ್ಲಿ ಒಬ್ಬರು.

ಕೆಲವು ವರ್ಷಗಳ ತರುವಾಯ, ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಅಮ್ಮನನ್ನು ರೈಲಿನಲ್ಲಿ ಮುಂಬಯಿಯ ಸೋದರಮಾವನ ಮನೆಗೆ ಕರೆದುಕೊಂಡು ಹೋದೆ. ಎಲ್ಲರಿಗೂ ಒಂದೊಂದು ಮೆತ್ತನೆಯ ಬರ್ತ್ ದೊರಕಿತ್ತು. ರಾತ್ರಿ ಒಂಬತ್ತಕ್ಕೆ ಮಲಗಿದ ಅಮ್ಮ ಬೆಳಗಿನ ಕಾಫಿಯವನು ಕೂಗುವವರೆಗೂ ಮಗ್ಗುಲು ಬದಲಿಸಲಿಲ್ಲ. ಅಂದು ಆ ನಿದ್ರಿಸುವ ಮುಖವನ್ನು ನೋಡುತ್ತಾ ಕುಳಿತಾಗ, ಕಾಶಿಯ ದಾರಿಯಲ್ಲಿ ಆಕೆ ಹೇಳಿದ್ದು ಸುಳ್ಳೆಂದು ನನಗೆ ಅರ್ಥವಾಯಿತು. ಇತಿಹಾಸ ಕಲಿಸುವವನಾಗಿಯೂ ಮನೆಯ ಇತಿಹಾಸವನ್ನು ನಾನು ಅಷ್ಟು ತಡವಾಗಿ ಓದಿದೆ.

ರಸ್ತೆಯ ಗಾಡಿಗಳ ಕಥೆಯೂ ಹಳೆಯದೇ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ, ನೌಕಾದಳದಲ್ಲಿ ಸೇವೆ ಮಾಡಿದ್ದವನು, 'ವಾಂಡರರ್' ಎಂಬ ಮನೆಗಾಡಿಯನ್ನು ಕಟ್ಟಿಸಿದನು. ಅದಕ್ಕೆ ಎರಡು ಕುದುರೆಗಳನ್ನು ಹೂಡಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ವಿನೋದಕ್ಕಾಗಿ ಪ್ರಯಾಣ ಮಾಡಿದನು. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ವ್ಯಾನು ಬಂದಿತು. ವೆಸ್ಟ್‌ಫಾಲಿಯಾ ಕಂಪನಿಯು 1951ರಿಂದ ಅದರೊಳಗೆ ಹಾಸಿಗೆ, ಕಪಾಟು ಕೂಡಿಸಿ ಸಂಸಾರದ ಗಾಡಿಯನ್ನಾಗಿ ಮಾಡಿತು. ಹಗಲಿಗೆ ಆಸನ, ರಾತ್ರಿಗೆ ಹಾಸಿಗೆ ಎಂಬ ಸೂತ್ರ ಮಾತ್ರ ಬದಲಾಗಲಿಲ್ಲ.

ಇಷ್ಟೆಲ್ಲ ಹೇಳಿ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸದಿದ್ದರೆ ತಪ್ಪಾಗುತ್ತದೆ. ಮೊದಲನೆಯದಾಗಿ, ಮಡಚುವ ಆಸನಗಳನ್ನು ಕೂಡಿಸಿದಾಗ ನಡುವೆ ಸಂದು ಉಳಿಯುತ್ತದೆ, ಬೆನ್ನು ಹಿಡಿಯುವುದು ಬಹಳವಾಗಿ ಅದರಿಂದಲೇ. ಅದರ ಮೇಲೆ ಇಡಿಯಾದ, ಸುರುಳಿ ಸುತ್ತಲು ಬರುವ ತೆಳು ಹಾಸಿಗೆಯೊಂದನ್ನು ಹಾಸಬೇಕು. ಮೊಣಕೈಯೂರಿ ಒತ್ತಿದಾಗ ಕೆಳಗಿನ ಹಲಗೆ ತಗಲದಷ್ಟು ಗಟ್ಟಿ ಅದಕ್ಕಿರಲಿ. ಎರಡನೆಯದು, ಚಳಿ ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಬರುತ್ತದೆ. ಮೈಭಾರಕ್ಕೆ ಹಾಸಿಗೆ ಅದುಮಿದಾಗ ಅದರೊಳಗಿನ ಗಾಳಿ ಹೊರಟುಹೋಗುತ್ತದೆ, ಆದ್ದರಿಂದ ಹೊದೆಯಲು ಇರುವಂತೆ ಹಾಸಲೂ ಒಂದು ಕಂಬಳಿ ಬೇಕು. ಮೂರನೆಯದು, ಮುಚ್ಚಿದ ಗಾಡಿಯಲ್ಲಿ ನಮ್ಮ ಉಸಿರಿನ ತೇವವು ತಣ್ಣನೆಯ ಹಲಗೆಗೆ ತಾಗಿ ಹಾಸಿಗೆಯ ಅಡಿಯಲ್ಲಿ ನೀರಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಹಾಸಿಗೆಯ ಕೆಳಗೆ ಗಾಳಿಯಾಡಲು ಪಟ್ಟಿಗಳಿರಲಿ, ಕಿಟಕಿ ಸ್ವಲ್ಪ ತೆರೆದಿರಲಿ, ಬೆಳಗ್ಗೆ ಹಾಸಿಗೆಯನ್ನು ಎತ್ತಿ ನಿಲ್ಲಿಸಲಿ. ಗಾಡಿ ಓಡುತ್ತಿರುವಾಗ ಯಾರೂ ಅದರ ಮೇಲೆ ಮಲಗಬಾರದು, ಆಸನದಲ್ಲಿ ಬೆಲ್ಟು ಕಟ್ಟಿಕೊಂಡೇ ಕುಳಿತಿರಬೇಕು ಎಂಬುದನ್ನು ಮಕ್ಕಳಿಗೆ ಮುಂಚಿತವಾಗಿ ಹೇಳಲಿ.

ಕಡೆಯದಾಗಿ, ಹಾಸಿಗೆ ಕೊಳ್ಳುವ ಮೊದಲು ತಾಯಿಯ ಜಾಗವನ್ನು ಗೊತ್ತುಮಾಡಪ್ಪಾ ಎಂದು ಅವನಿಗೆ ಹೇಳಿದೆ. ಮೇಲಿನ ಏಣಿ ಹತ್ತುವ ಹಾಸಿಗೆ ಮಕ್ಕಳಿಗಿರಲಿ; ಕೆಳಗಿನದು, ರಾತ್ರಿ ಎದ್ದು ಓಡಾಡಲು ಅನುಕೂಲವಾದದ್ದು, ಆಕೆಗಿರಲಿ. ಕುಳಿತುಕೊಂಡೇ ನಿದ್ದೆ ಮಾಡುತ್ತೇನೆಂದು ಆಕೆ ಹೇಳಿದರೆ ನಂಬಬೇಡ. ಆ ಮಾತನ್ನು ನಂಬಿದವನೊಬ್ಬ ಹತ್ತು ವರ್ಷ ಮೋಸಹೋದುದು ನನಗೆ ಚೆನ್ನಾಗಿ ಗೊತ್ತು.

ನಮ್ಮ ಹೋಲ್ಡಾಲು ಈಗಲೂ ಅಟ್ಟದ ಮೇಲಿದೆ. ಚರ್ಮದ ಪಟ್ಟಿ ಒಣಗಿ ಬಿರಿದಿದೆ, ಬಿಗಿದರೆ ತುಂಡಾಗುತ್ತದೆ. ಎಸೆಯಲು ಮನಸ್ಸು ಬಂದಿಲ್ಲ. ನಿಮ್ಮ ಮನೆಗಳಲ್ಲಿಯೂ ಅಂಥದೊಂದು ಉಳಿದಿದ್ದರೆ, ಅದರ ಮೇಲೆ ಯಾರು ಮಲಗುತ್ತಿದ್ದರು, ಯಾರು ಮಲಗುತ್ತಿರಲಿಲ್ಲ ಎಂಬುದನ್ನು ಹಿರಿಯರಿರುವಾಗಲೇ ಕೇಳಿ ತಿಳಿದುಕೊಳ್ಳಿ.